ನಿಮ್ಮ ಅಳಿಯ ರಾಜವಂಶದವರೇ? ಇರಬಹುದು, ಆದರೆ ಈ ಪಟ್ಟಿ ನಂಬಿಕೊಂಡಲ್ಲ

ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆತನಗಳ ಹಳೇ ದಾಖಲೆ ಓದುವುದು ನನ್ನ ಕೆಲಸ. ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಹೋದ ಸಲವೂ ಅದೇ ಇತ್ತು. ಅದಕ್ಕೇ ಅದೊಂದಕ್ಕೆ ಉದ್ದದ ಉತ್ತರ ಬರೆದು ಮುಗಿಸುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿನ ಕುಲೀನರ ಪದವಿಗಳಲ್ಲಿ ಅರ್ಲ್ ದೊಡ್ಡವನೋ ಬ್ಯಾರನ್ ದೊಡ್ಡವನೋ ಅಂತ ಕೇಳಿದ ಮೂವರಿಗೆ ಇಲ್ಲಿ ಉತ್ತರ ಇಲ್ಲ. ಅದು ಎಲ್ಲಿ ಬೇಕಾದರೂ ಸಿಗುತ್ತದೆ.

ಪ್ರಶ್ನೆ: ನಮ್ಮ ಅಳಿಯ ಇಂಗ್ಲಿಷಿನವರು, ಯಾರ್ಕ್‌ಶೈರ್ ಕಡೆಯವರು. ಮಗಳು ಒಂದು ವೆಬ್‌ಸೈಟಿನಿಂದ ಅವರ ವಂಶವೃಕ್ಷ ತೆಗೆದಿದ್ದಾಳೆ. ನೆವಿಲ್ ಮನೆತನದ ಮೂಲಕ ಮೂರನೇ ಎಡ್ವರ್ಡ್ ದೊರೆಯವರೆಗೂ ಹೋಗುತ್ತದೆ. ಅಳಿಯನ ದೊಡ್ಡಪ್ಪನ ಹತ್ತಿರ ಚರ್ಮದ ಹಾಳೆಯ ಮೇಲೆ ಬರೆದ ಹಳೇ ಪಟ್ಟಿಯೂ ಇದೆಯಂತೆ. ಮೊಮ್ಮಗನ ನಾಮಕರಣಕ್ಕೆ ಫ್ರೇಮ್ ಹಾಕಿಸಬೇಕು ಅಂತಿದ್ದೇವೆ. ಎಲ್ಲಾ ಸರಿಯಾಗಿದೆ ಅಲ್ವಾ? (ಮೈಸೂರಿನ ಓದುಗರು)

ಅಮ್ಮಾ, ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ನಿಮ್ಮ ಅಳಿಯ ಮೂರನೇ ಎಡ್ವರ್ಡನ ವಂಶದವರೇ? ಬಹುಶಃ ಹೌದು. ನೀವು ಕಳಿಸಿದ ಪಟ್ಟಿ ಸರಿಯೇ? ಇಲ್ಲ. ಇವೆರಡೂ ಬೇರೆ ಬೇರೆ ಅಂತ ಜನರನ್ನು ಒಪ್ಪಿಸುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ.

ಮೊದಲನೆಯದು ಬರೀ ಲೆಕ್ಕ. ಒಬ್ಬರಿಗೆ ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ 20 ತಲೆಮಾರು ಹಿಂದಕ್ಕೆ ಹೋದರೆ ಪಟ್ಟಿಯಲ್ಲಿ 10,48,576 ಜಾಗ. ಎಡ್ವರ್ಡ್ ಸತ್ತಿದ್ದು 1377ರಲ್ಲಿ. ಪ್ಲೇಗ್ ಬಡಿದು ಹೋದ ಮೇಲೆ ಆಗ ಇಡೀ ಇಂಗ್ಲೆಂಡಿನಲ್ಲಿ ಇದ್ದವರೇ ಸುಮಾರು 25 ಲಕ್ಷ ಜನ. ಆ ಜಾಗಗಳಲ್ಲಿ ಎಷ್ಟೋ ಕಡೆ ಅದೇ ಜನ ಮತ್ತೆ ಮತ್ತೆ ಕೂತಿರುತ್ತಾರೆ, ಆದರೂ ಎಡ್ವರ್ಡ್ ಒಂದರಲ್ಲಾದರೂ ಇರುವ ಸಂಭವ ದೊಡ್ಡದು. ಎಡ್ವರ್ಡನ ಮಕ್ಕಳ ಸಂತಾನ ದೊಡ್ಡದು. ಕಿರಿಯ ಹೆಣ್ಣುಮಕ್ಕಳು ತಮಗಿಂತ ಒಂದು ಮೆಟ್ಟಿಲು ಕೆಳಗಿನ ಮನೆಗೆ ಸೊಸೆಯರಾಗಿ ಹೋಗುತ್ತಾ ಹೋಗುತ್ತಾ, ನಾಲ್ಕಾರು ತಲೆಮಾರಿನಲ್ಲಿ ರಾಜರಕ್ತ ಊರಿನ ವಕೀಲ, ಉಣ್ಣೆ ವ್ಯಾಪಾರಿ, ಪಾದ್ರಿಯ ಮನೆ ಸೇರಿತು. ಇವತ್ತು ಅಲ್ಲಿ ಬಸ್ ಓಡಿಸುವವರಲ್ಲೂ ಅದು ಇದ್ದೀತು.

ಇನ್ನು ನಿಮ್ಮ ಪಟ್ಟಿ. ಮೇಲಿನ ತುದಿ ಗಟ್ಟಿಯಾಗಿದೆ. ಎಡ್ವರ್ಡನ ಮಗ ಜಾನ್ ಆಫ್ ಗಾಂಟ್. ಅವನಿಗೂ ಕ್ಯಾಥರೀನ್ ಸ್ವಿನ್‌ಫರ್ಡ್‌ಗೂ ಮದುವೆಗೆ ಮೊದಲೇ ಹುಟ್ಟಿದ ಮಕ್ಕಳು ಬೋಫರ್ಟ್‌ಗಳು. ಇಬ್ಬರಿಗೂ ಮದುವೆಯಾಗಿದ್ದು 1396ರಲ್ಲಿ, ಮಕ್ಕಳನ್ನು ಸಕ್ರಮ ಮಾಡಿದ್ದು 1397ರಲ್ಲಿ. ಅವರಲ್ಲಿ ಜೋನ್ ಬೋಫರ್ಟ್ ವೆಸ್ಟ್‌ಮೋರ್ಲೆಂಡಿನ ಅರ್ಲ್ ರಾಲ್ಫ್ ನೆವಿಲ್‌ನ ಎರಡನೇ ಹೆಂಡತಿಯಾದಳು. ಎರಡು ಮದುವೆಯಿಂದ ರಾಲ್ಫ್‌ಗೆ 20ಕ್ಕೂ ಜಾಸ್ತಿ ಮಕ್ಕಳು. ಜೋನ್‌ಳ ಮಗಳು ಸಿಸಿಲಿ ಇಬ್ಬರು ದೊರೆಗಳ ತಾಯಿ: ನಾಲ್ಕನೇ ಎಡ್ವರ್ಡ್ ಮತ್ತು ಮೂರನೇ ರಿಚರ್ಡ್. ಇಲ್ಲಿವರೆಗೆ ತಕರಾರಿಲ್ಲ.

ಆಮೇಲೆ ಏನಿದೆ ನೋಡಿ. ರಾಲ್ಫ್‌ನ ಮಗಳು ಅಂತ ಒಬ್ಬ ಮಾರ್ಗರೆಟ್ ಬರುತ್ತಾಳೆ, ಹುಟ್ಟಿದ್ದು 1430. ರಾಲ್ಫ್ ಸತ್ತಿದ್ದು 1425ರ ಅಕ್ಟೋಬರ್‌ನಲ್ಲಿ. ಸತ್ತು ಐದು ವರ್ಷ ಕಳೆದ ಮೇಲೆ ಮಗಳು! ಆ ವೆಬ್‌ಸೈಟಿನಲ್ಲಿ ಇದನ್ನು ಎಷ್ಟು ಜನ ತಮ್ಮ ಪಟ್ಟಿಗೆ ಎಳೆದುಕೊಂಡಿದ್ದಾರೋ ದೇವರಿಗೇ ಗೊತ್ತು. ಮಕ್ಕಳು ಇಷ್ಟು ಜಾಸ್ತಿ ಇರುವ ಮನೆ ಸಿಕ್ಕರೆ ಪಟ್ಟಿ ಮಾಡುವವರಿಗೆ ಹಬ್ಬ. ಇನ್ನೊಂದು ಮಗುವನ್ನು ಸುಮ್ನೆ ಮಧ್ಯದಲ್ಲಿ ತೂರಿಸಿದರೆ ಯಾರು ಕೇಳುತ್ತಾರೆ?

ಕೆಳಗಿನ ತುದಿಯಲ್ಲಿ ಇನ್ನೊಂದು ಬಿರುಕು. ನಿಮ್ಮ ಅಳಿಯನ ಕಡೆಯ ಹಳೇ ಹೆಸರು 1598ರಲ್ಲಿ ಹಳ್ಳಿಯ ಚರ್ಚಿನಲ್ಲಿ ದೀಕ್ಷಾಸ್ನಾನ ಆದ ಒಬ್ಬ ರೈತನದು. ಅವನ ಹೆಸರಿನಲ್ಲಿ ನೆವಿಲ್ ಇದೆ, ಹತ್ತಿರದಲ್ಲೇ ಒಂದು ನೆವಿಲ್ ಜಮೀನ್ದಾರರ ಮನೆ ಇತ್ತು, ಅಷ್ಟಕ್ಕೇ ಅಂಟಿಸಿದ್ದಾರೆ. ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆದಿಡಬೇಕು ಅಂತ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿಸಿದ್ದೇ 1538ರಲ್ಲಿ. ಮೊದಮೊದಲಿನ ಪುಸ್ತಕಗಳಲ್ಲಿ ಎಷ್ಟೋ ಉಳಿದಿಲ್ಲ. ನಾನು ನೋಡಿದ ಸುಳ್ಳು ಪಟ್ಟಿಗಳಲ್ಲಿ ಹೆಚ್ಚಿನವು ಮುರಿಯುವುದು ಇಲ್ಲೇ, 1500ರಿಂದ 1600ರ ನಡುವೆ. ಮೇಲೆ ಅರಮನೆ ಇದೆ, ಕೆಳಗೆ ಗುಡಿಸಲಿದೆ, ನಡುವೆ ಏಣಿ ಇಲ್ಲ.

ಹೆಸರು ಒಂದೇ ಆಯಿತು ಅಂತ ವಂಶ ಒಂದೇ ಆಗುವುದಿಲ್ಲ. ನೆವಿಲ್‌ಗಳನ್ನೇ ತೆಗೆದುಕೊಳ್ಳಿ. ರೇಬಿಯ ರಾಬರ್ಟ್ ಫಿಟ್ಸ್ ಮಾಲ್‌ಡ್ರೆಡ್ ಎಂಬಾತ ಇಸಬೆಲ್ ಡಿ ನೆವಿಲ್‌ಳನ್ನು ಮದುವೆಯಾದ. ಅವರ ಮಗ ಜೆಫ್ರಿ ಅಮ್ಮನ ಮನೆ ಹೆಸರು ಇಟ್ಟುಕೊಂಡ, ಆಸ್ತಿ ಆ ಕಡೆಯಿಂದ ಬಂತಲ್ಲ, ಅದಕ್ಕೆ. ಪರ್ಸಿ ಎಂಬ ಇನ್ನೊಂದು ದೊಡ್ಡ ಮನೆತನದ್ದೂ ಅದೇ ಕಥೆ, ಅದೂ ಒಂದು ಸಲ ಅಲ್ಲ. ಆಗ್ನೆಸ್ ಡಿ ಪರ್ಸಿಯ ಗಂಡ ಲೂವೇನ್‌ನ ಜೊಸಲಿನ್, ಆದರೆ ಮಕ್ಕಳು ಪರ್ಸಿಗಳು. ಆಮೇಲೆ 1750ರಲ್ಲಿ ಹ್ಯೂ ಸ್ಮಿತ್ಸನ್ ಎಂಬಾತ ಹೆಂಡತಿ ಕಡೆಯ ಆಸ್ತಿಯ ಜೊತೆಗೆ ಪರ್ಸಿ ಅನ್ನುವ ಹೆಸರನ್ನೂ ತೆಗೆದುಕೊಂಡ. ಇವತ್ತಿನ ನಾರ್ದಂಬರ್ಲೆಂಡ್ ಡ್ಯೂಕ್‌ಗಳು ಅಪ್ಪನ ಕಡೆಯಿಂದ ಸ್ಮಿತ್ಸನ್‌ಗಳು.

ಹಾಗಾದರೆ ಏನನ್ನು ಹಿಡಿದು ಹೋಗಬೇಕು? ಜಮೀನನ್ನು. ನೇರವಾಗಿ ದೊರೆಯಿಂದ ಜಮೀನು ಪಡೆದವನು ಸತ್ತರೆ ಎಸ್ಚೀಟರ್ ಅನ್ನುವ ಅಧಿಕಾರಿ ಊರಿನವರನ್ನು ಸೇರಿಸಿ ವಿಚಾರಣೆ ಮಾಡುತ್ತಿದ್ದ. ಇದಕ್ಕೆ ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಮ್ ಅಂತ ಹೆಸರು. ಹೆಣ ಕೊಯ್ಯುವ ಪೋಸ್ಟ್‌ಮಾರ್ಟಂ ಅಲ್ಲ, ಪಂಚನಾಮೆ ಮತ್ತು ಪೌತಿ ಖಾತೆ ಎರಡನ್ನೂ ಕಲಸಿದ ಹಾಗೆ ಅಂದುಕೊಳ್ಳಿ. ಯಾವ ಜಮೀನು, ಯಾರಿಂದ ಬಂದಿದ್ದು, ಯಾವ ದಿನ ಸತ್ತ, ವಾರಸುದಾರ ಯಾರು, ಅವನ ವಯಸ್ಸೆಷ್ಟು ಅಂತ ಊರಿನವರು ಪ್ರಮಾಣ ಮಾಡಿ ಹೇಳಬೇಕು. 13ನೇ ಶತಮಾನದಿಂದ 17ನೇ ಶತಮಾನದವರೆಗಿನ ಇಂಥ ದಾಖಲೆಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಚರ್ಮದ ಹಾಳೆ, ಲ್ಯಾಟಿನ್ ಭಾಷೆ, ಅರ್ಧಕ್ಕೇ ಕತ್ತರಿಸಿದ ಪದಗಳು. ಕೆಲವು ಹಾಳೆಗಳಲ್ಲಿ ಶಾಯಿ ಎಷ್ಟು ಮಾಸಿದೆ ಅಂದರೆ ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಅಕ್ಷರ ಏಳುತ್ತದೆ.

ಇದರಲ್ಲೂ ಗುಂಡಿಗಳಿವೆ. ವಾರಸುದಾರನಿಗೆ '21 ವರ್ಷ ಮತ್ತು ಮೇಲೆ' ಅಂತ ಬರೆದಿರುತ್ತದೆ. ಅದರ ಅರ್ಥ ಅವನು ವಯಸ್ಕ ಅಂತ ಮಾತ್ರ, ಅವನಿಗೆ 40 ಆಗಿದ್ದರೂ ಆಗಿರಬಹುದು. ನಮ್ಮ ವೆಬ್‌ಸೈಟ್ ಪಂಡಿತರು ತಕ್ಷಣ 21 ಕಳೆದು ಹುಟ್ಟಿದ ವರ್ಷ ಬರೆದುಬಿಡುತ್ತಾರೆ. ಆಮೇಲೆ ಅಪ್ಪನಿಗೆ 9 ವರ್ಷ ಇದ್ದಾಗ ಮಗ ಹುಟ್ಟುತ್ತಾನೆ. ಇನ್ನೊಂದು: ಅಲ್ಲಿ ಆಗ ಕಾಗದದ ಲೆಕ್ಕದಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. 1752ರಿಂದಷ್ಟೇ ಜನವರಿ 1. ಹಾಗಾಗಿ ದಾಖಲೆಯಲ್ಲಿ 1400ರ ಫೆಬ್ರವರಿ ಅಂದರೆ ನಮ್ಮ ಲೆಕ್ಕಕ್ಕೆ 1401.

ನಾನೂ ಬಿದ್ದಿದ್ದೇನೆ, ಮುಚ್ಚಿಡುವುದಿಲ್ಲ. ನಮ್ಮಲ್ಲಿ ಚಿಕ್ಕಪ್ಪ, ಸೋದರಮಾವ, ದಾಯಾದಿ ಅಂತ ಒಂದೊಂದು ನಂಟಿಗೂ ಒಂದೊಂದು ಪದ ಇದೆ. ಆ ಕಾಲದ ಗುಮಾಸ್ತನಿಗೆ ಆ ಗೊಡವೆ ಇಲ್ಲ. 'ಕನ್ಸ್ಯಾಂಗ್ವಿನಿಯಸ್' ಅಂತ ಬರೆದರೆ ರಕ್ತಸಂಬಂಧಿ, ಅಷ್ಟೇ. ನಾನು ಅದನ್ನು ದಾಯಾದಿ ಅಂತ ಓದಿ ಎರಡು ತಿಂಗಳು ಇಲ್ಲದ ಅಣ್ಣತಮ್ಮಂದಿರನ್ನು ಹುಡುಕಿದೆ. ಕೊನೆಗೆ ಅದೇ ಹಾಳೆಯ ಮಡಿಕೆಯಲ್ಲಿ, ಕೊಳೆ ಕೂತ ಸಾಲಿನಲ್ಲಿ, 'ಅಂದರೆ ಅವನ ಮಗನ ಮಗ' ಅಂತಿತ್ತು. ಮೊಮ್ಮಗ! 'ನೆಪೋಸ್' ಅನ್ನುವ ಪದವೂ ಅಷ್ಟೇ, ಮೊಮ್ಮಗನೂ ಆಗಬಹುದು, ಅಣ್ಣನ ಮಗನೂ ಆಗಬಹುದು.

ಹೆಸರುಗಳ ಗೋಜಲು ಬೇರೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಹಾಗೆ ಮಾರ್ಟಿಮರ್ ಮನೆಯಲ್ಲಿ ರೋಜರ್ ಆದ ಮೇಲೆ ಎಡ್ಮಂಡ್, ಎಡ್ಮಂಡ್ ಆದ ಮೇಲೆ ರೋಜರ್. 1400ರ ಹೊತ್ತಿಗೆ ಇಬ್ಬರು ಎಡ್ಮಂಡ್‌ಗಳು, ಚಿಕ್ಕಪ್ಪ ಮತ್ತು ಅಣ್ಣನ ಮಗ. ವೇಲ್ಸ್‌ನ ಒವೈನ್ ಗ್ಲಿಂಡೂರ್‌ನ ಮಗಳನ್ನು ಮದುವೆಯಾದವನು ಚಿಕ್ಕಪ್ಪ, ಸಿಂಹಾಸನಕ್ಕೆ ಹಕ್ಕಿದ್ದ ಅರ್ಲ್ ಅಣ್ಣನ ಮಗ. ಷೇಕ್ಸ್‌ಪಿಯರನೇ ನಾಟಕದಲ್ಲಿ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿದ್ದಾನೆ. ಇನ್ನು ನಿಮ್ಮ ವೆಬ್‌ಸೈಟ್ ಯಾವ ಲೆಕ್ಕ?

ಈಗ ದೊಡ್ಡಪ್ಪನವರ ಚರ್ಮದ ಹಾಳೆ. ಹಳೆಯದು ಅಂದರೆ ನಿಜ ಅನ್ನುವ ಭ್ರಮೆ ಮೊದಲು ಬಿಡಿ. ಸುಳ್ಳು ವಂಶಾವಳಿ ಇಂಟರ್ನೆಟ್ಟಿನ ಜೊತೆ ಹುಟ್ಟಿದ್ದಲ್ಲ. ನಾರ್ಫೋಕ್‌ನ ಪಾಸ್ಟನ್ ಮನೆತನ ನೋಡಿ. ಮೂಲಪುರುಷ ಕ್ಲೆಮೆಂಟ್ ಪಾಸ್ಟನ್ 1419ರಲ್ಲಿ ಸತ್ತ. ಅವರಿಗೆ ಆಗದವರು ಬರೆದಿಟ್ಟ ಒಂದು ಟಿಪ್ಪಣಿ ಉಳಿದಿದೆ. ಕ್ಲೆಮೆಂಟ್ ತಾನೇ ನೇಗಿಲು ಹೊಡೆಯುತ್ತಿದ್ದ, ಜೀನು ಇಲ್ಲದ ಕುದುರೆ ಮೇಲೆ ಕಾಳಿನ ಮೂಟೆ ಹಾಕಿ, ಅದರ ಮೇಲೆ ತಾನು ಕೂತು ಮಿಲ್ಲಿಗೆ ಹೋಗಿ, ಹಾಗೇ ಹಿಟ್ಟಿನ ಮೂಟೆ ಮೇಲೆ ಕೂತು ಮನೆಗೆ ಬರುತ್ತಿದ್ದ ಅಂತ. ಅವನ ಮಗ ವಿಲಿಯಂ ಓದಿ ನ್ಯಾಯಾಧೀಶನಾದ, ಜಮೀನು ಕೂಡಿಸಿದ. ಮೊಮ್ಮಗ ಜಾನ್‌ನ ಕಾಲಕ್ಕೆ 'ಇವರು ಜೀತದವರ ಮಕ್ಕಳು' ಅಂತ ವೈರಿಗಳು ಗಲಾಟೆ ಎಬ್ಬಿಸಿದರು. ಜೀತದ ಮೂಲ ಅಂತಾದರೆ ಆಸ್ತಿಗೇ ಕುತ್ತು. ಆಗ ಹಳೇ ಪತ್ರಗಳು ಹೊರಗೆ ಬಂದವು, ಫ್ರಾನ್ಸಿನಿಂದ ಬಂದ ವುಲ್‌ಸ್ಟನ್ ಅನ್ನುವ ಮೂಲಪುರುಷನೂ ಬಂದ. 1466ರಲ್ಲಿ ನಾಲ್ಕನೇ ಎಡ್ವರ್ಡ್ ದೊರೆಯೇ ಇವರು ಹಳೇ ಕುಲೀನರು ಅಂತ ಪತ್ರ ಕೊಟ್ಟ. ಕ್ಲೆಮೆಂಟ್ ಸತ್ತು 50 ವರ್ಷವೂ ಆಗಿರಲಿಲ್ಲ. ಇದೇ ಜಾನ್‌ಗೆ ಐವರು ಗಂಡುಮಕ್ಕಳು ಇದ್ದರು, ಅವರಲ್ಲಿ ಇಬ್ಬರ ಹೆಸರೂ ಜಾನ್. ಸುಮ್ನೆ ಹೇಳಿದೆ, ನಮ್ಮ ಕಷ್ಟ ನಿಮಗೂ ತಿಳಿಯಲಿ ಅಂತ.

1530ರಿಂದ 1688ರವರೆಗೆ ಹೆರಾಲ್ಡ್‌ಗಳು (ಲಾಂಛನ, ವಂಶಾವಳಿ ನೋಡಿಕೊಳ್ಳುವ ದೊರೆಯ ಅಧಿಕಾರಿಗಳು) ಜಿಲ್ಲೆ ಜಿಲ್ಲೆ ಸುತ್ತಿ ದೊಡ್ಡವರ ಮನೆಯ ವಂಶಾವಳಿ ಬರೆದುಕೊಂಡರು. ಮನೆಯವರು ಹೇಳಿದರು, ಇವರು ಬರೆದರು. ಹೇಳುವವನಿಗೆ ತನ್ನ ಅಜ್ಜನವರೆಗೆ ಸರಿಯಾಗಿ ಗೊತ್ತಿರುತ್ತದೆ. ಅದಕ್ಕಿಂತ ಹಿಂದಿನದನ್ನು ನಾನು ಬೇರೆ ಸಾಕ್ಷಿ ಇಲ್ಲದೆ ಮುಟ್ಟುವುದಿಲ್ಲ. ನಿಮ್ಮ ಬೀಗರ ಹಾಳೆ ಅದೇ ಜಾತಿಯದು ಅನಿಸುತ್ತದೆ. ಮತ್ತೆ ದುಡ್ಡು ತೆಗೆದುಕೊಂಡು 'ವಿಲಿಯಂ ದೊರೆಯ ಜೊತೆ 1066ರಲ್ಲಿ ಬಂದವರು' ಅಂತ ಸರ್ಟಿಫಿಕೇಟ್ ಕೊಡುವವರ ಹತ್ತಿರ ಹೋಗಬೇಡಿ. ಆ ವಿಲಿಯಂ ಇಂಗ್ಲೆಂಡನ್ನು ಗೆದ್ದ ಹೇಸ್ಟಿಂಗ್ಸ್ ಯುದ್ಧದಲ್ಲಿ ಇದ್ದರು ಅಂತ ಆ ಕಾಲದ ಸಾಕ್ಷಿಯಿಂದ ಗಟ್ಟಿಯಾಗಿ ಹೇಳಬಹುದಾದ ಅವನ ಸಂಗಡಿಗರು ಇಪ್ಪತ್ತು ಮೂವತ್ತು ಜನಕ್ಕಿಂತ ಜಾಸ್ತಿ ಇಲ್ಲ.

ಮಗಳಿಗೆ ಹೇಳಿ: ದೊರೆಯಿಂದ ಕೆಳಗೆ ಇಳಿಯಬೇಡಿ, ಮಗುವಿನಿಂದ ಮೇಲೆ ಹತ್ತಿ. ಒಂದೊಂದು ಕೊಂಡಿಗೂ ಆ ಕಾಲದ್ದೇ ಒಂದು ಕಾಗದ ಬೇಕು, ಇನ್ನೊಬ್ಬರ ಪಟ್ಟಿ ಲೆಕ್ಕಕ್ಕಿಲ್ಲ. ರೈತನ ಅಪ್ಪ ಸಿಗಬೇಕಾದರೆ ಉಯಿಲುಗಳು ಮತ್ತು ಮೇನರ್ ಕೋರ್ಟಿನ, ಅಂದರೆ ಊರಿನ ಜಮೀನ್ದಾರನ ಕೋರ್ಟಿನ ಕಡತ ನೋಡಬೇಕು, ಅರಮನೆ ಅಲ್ಲ. ನಾಮಕರಣದ ಫ್ರೇಮಿಗೆ 1598ರ ರೈತನವರೆಗೆ ಹಾಕಿಸಿ. 400 ವರ್ಷ ದಾಟುತ್ತದೆ, ಗೋಡೆ ತುಂಬುತ್ತದೆ.

ಪ್ರಶ್ನೆ: ಲಂಡನ್ ಪ್ರವಾಸದಲ್ಲಿ ನಮ್ಮ ಸೊಸೆಯ ಸರ್‌ನೇಮಿನ ಲಾಂಛನ ಇರುವ ಮಗ್ ಸಿಕ್ಕಿತು. ಬಳಸಬಹುದಾ?

ಲಾಂಛನ ಕೊಡುವುದು ವ್ಯಕ್ತಿಗೆ, ಸರ್‌ನೇಮಿಗಲ್ಲ. ಕಾಫಿ ಕುಡಿಯಲು ಬಳಸಿ.

ಪ್ರಶ್ನೆ: 'ಫಿಟ್ಸ್' ಅಂತ ಶುರುವಾಗುವ ಹೆಸರಿನವರೆಲ್ಲ ಮದುವೆಯಾಚೆ ಹುಟ್ಟಿದವರಂತೆ, ಹೌದಾ?

ಇಲ್ಲ. ಫಿಟ್ಸ್ ಅಂದರೆ ಮಗ, ಅಷ್ಟೇ. ಫಿಟ್ಸ್‌ರಾಯ್ ಅನ್ನುವ ಹೆಸರನ್ನು ದೊರೆಗಳ ಮದುವೆಯಾಚೆಯ ಮಕ್ಕಳಿಗೆ ಇಡುತ್ತಿದ್ದರು, ಅದೊಂದನ್ನು ನೋಡಿ ಎಲ್ಲರ ಮಾನ ಕಳೆಯಬೇಡಿ.

ಪ್ರಶ್ನೆ: ಒಂದು ಅಡಿ ಜಾಗ ಕೊಂಡರೆ 'ಲಾರ್ಡ್' ಆಗಬಹುದು ಅಂತ ಜಾಹೀರಾತು ಬಂದಿದೆ.

ಆಗುವುದಿಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ಇಷ್ಟೆಲ್ಲ ದಾಖಲೆ ಯಾಕೆ? ಡಿಎನ್ಎ ಪರೀಕ್ಷೆ ಮಾಡಿಸಿದರೆ ಸಾಕಲ್ವಾ?

ಮೂರನೇ ರಿಚರ್ಡನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಜಾಗದಲ್ಲಿ ಸಿಕ್ಕಿತು. ಅವನ ಅಕ್ಕನ ಹೆಣ್ಣುಸಂತಾನದ ಮೂಲಕ ಬಂದವರ ಡಿಎನ್ಎ ಹೊಂದಿಕೆಯಾಯಿತು. ಆದರೆ ಗಂಡುಸಂತಾನದ ಮೂಲಕ ಮೂರನೇ ಎಡ್ವರ್ಡನಿಂದ ಬಂದವರು ಅಂತ ಕಾಗದ ಹೇಳುವವರ ಅಪ್ಪನಿಂದ ಮಗನಿಗಷ್ಟೇ ಬರುವ ವೈ ಕ್ರೋಮೋಸೋಮ್ ರಿಚರ್ಡನದಕ್ಕೆ ಹೊಂದಲಿಲ್ಲ. ನಡುವೆ ಎಲ್ಲೋ ಒಬ್ಬ ಅಪ್ಪ ಕಾಗದದ ಮೇಲಷ್ಟೇ ಅಪ್ಪ. ಅಲ್ಲೂ ಯಾರ ಜೊತೆ ಹೋಲಿಸಬೇಕು ಅಂತ ಹೇಳಿದ್ದು ಕಾಗದವೇ. ನಿಮ್ಮ ಮನೆಗೆ ಅಂಚೆಯಲ್ಲಿ ಬರುವ ಎಂಜಲಿನ ಕಿಟ್ ಇಷ್ಟು ದೂರ ಹೋಗುವುದಿಲ್ಲ. 20 ತಲೆಮಾರು ಹಿಂದಿನ ಒಬ್ಬ ಪೂರ್ವಜನಿಂದ ನಿಮಗೆ ಒಂದು ತುಣುಕೂ ಬಂದಿರದೆ ಇರಬಹುದು.

ಪ್ರಶ್ನೆ: ನಾನು ಮಾಡುತ್ತಿರುವ ಪಟ್ಟಿಯಲ್ಲಿ ಮೂವರು ಹೆಂಡತಿಯರ ಹೆಸರು ಸಿಗುತ್ತಿಲ್ಲ. 'ಅಜ್ಞಾತ' ಅಂತ ಬರೆದು ಮುಂದೆ ಹೋಗಲಾ?

ಹೋಗಬೇಡಿ. ಗಂಡ ಸತ್ತರೆ ಹೆಂಡತಿಗೆ ಜಮೀನಿನಲ್ಲಿ ಮೂರನೇ ಒಂದು ಪಾಲು, ಬದುಕಿರುವ ತನಕ. ಅದಕ್ಕೆ ಡವರ್ ಅನ್ನುತ್ತಾರೆ. ಹಂಚುವಾಗ ಯಾವ ಹೊಲ, ಯಾವ ಕೋಣೆ ಅಂತೆಲ್ಲ ಬರೆಯುತ್ತಿದ್ದರು. ಹೆಸರಿಲ್ಲದೆ ಪಾಲು ಕೊಡಲು ಆಗುತ್ತದೆಯೇ?

ಹೆಣ್ಣುಮಕ್ಕಳನ್ನು ಬಿಟ್ಟರೆ ದೊಡ್ಡ ಮನೆಗಳೇ ಕೈಬಿಟ್ಟು ಹೋಗುತ್ತವೆ. ಗ್ಲಾಸ್ಟರ್‌ನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್ 1314ರ ಜೂನ್‌ನಲ್ಲಿ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸತ್ತ. ಮಕ್ಕಳಿಲ್ಲ. ಇದ್ದವರು ಮೂವರು ಸಹೋದರಿಯರು: ಎಲಿನರ್, ಮಾರ್ಗರೆಟ್, ಎಲಿಜಬೆತ್. ಆದರೆ ಗಿಲ್ಬರ್ಟನ ಹೆಂಡತಿ ಮಾಡ್ ತಾನು ಬಸುರಿ ಅಂದಳು. ಒಂಬತ್ತು ತಿಂಗಳಾಯಿತು, ಬಸುರಿ. ವರ್ಷವಾಯಿತು, ಇನ್ನೂ ಬಸುರಿ. ಎಲಿನರಳ ಗಂಡ ಹ್ಯೂ ಡಿಸ್ಪೆನ್ಸರ್ ಪಾಲು ಕೊಡಿ ಅಂತ ಕೂತರೆ, ಹೊಟ್ಟೆ ಪರೀಕ್ಷೆಗೆ ನೀನು ಮೊದಲೇ ಅರ್ಜಿ ಹಾಕಬೇಕಿತ್ತು ಅನ್ನುವ ಉತ್ತರ ಬಂತು. ಮಗು ಬರಲೇ ಇಲ್ಲ. 1317ರಲ್ಲಿ ಜಮೀನು ಮೂರು ಪಾಲಾಯಿತು. ಕ್ಲೇರ್ ಅನ್ನುವ ಹೆಸರು ಆ ಮನೆಯಿಂದ ಹೋಯಿತು, ರಕ್ತ ಮೂರು ಮನೆಗೆ ಹರಿಯಿತು. ಕೇಂಬ್ರಿಜ್‌ನ ಕ್ಲೇರ್ ಕಾಲೇಜಿಗೆ ಆ ಹೆಸರು ಬಂದಿದ್ದು ಆ ಮೂವರಲ್ಲಿ ಚಿಕ್ಕವಳಾದ ಎಲಿಜಬೆತ್‌ಳಿಂದ. ಅವಳು ಮೂರು ಸಲ ವಿಧವೆಯಾದವಳು, ಹಾಗಾಗಿ ಅವಳ ಕಾಗದ ಪತ್ರ ಅವಳ ಗಂಡಂದಿರದಕ್ಕಿಂತ ಜಾಸ್ತಿ ಸಿಗುತ್ತದೆ.

ಆ ಮೂರು ಜಾಗ ಸದ್ಯಕ್ಕೆ ಖಾಲಿ ಇರಲಿ. ಗಂಡ ಸತ್ತ ವರ್ಷದಿಂದ ಮುಂದಿನ ಐದು ವರ್ಷದ ಡವರ್ ದಾಖಲೆ ನೋಡಿ, ಆಮೇಲೆ ಬರೆಯಿರಿ.