ನಾಲಾಸೋಪಾರಾ ಠಾಣೆ ಜಿಲ್ಲೆಯೋ, ಪಾಲ್ಘರ್ ಜಿಲ್ಲೆಯೋ?

ನಮಸ್ಕಾರ. ಮುಂಬೈ ಹತ್ತಿರದ ನಾಲಾಸೋಪಾರಾದ ಮನೆಯ ಹಳೇ ಕಾಗದದಲ್ಲಿ ಠಾಣೆ ಜಿಲ್ಲೆ ಅಂತ ಇದೆ, ಹೊಸದರಲ್ಲಿ ಪಾಲ್ಘರ್ ಅಂತಿದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿ. 2014ರ ಆಗಸ್ಟ್ 1ರಂದು ಠಾಣೆಯನ್ನು ಒಡೆದು ಪಾಲ್ಘರ್ ಜಿಲ್ಲೆ ಮಾಡಿದರು. ನಾಲಾಸೋಪಾರಾ ಇರುವ ವಸಯಿ ತಾಲೂಕು ಅದಕ್ಕೆ ಸೇರಿತು. ಹಾಗಾಗಿ ಸುಮ್ನೆ ಗಾಬರಿಯಾಗಬೇಡಿ, ಕಾಗದದ ತಾರೀಖು ನೋಡಿ.

ನೀರು, ಮನೆ ತೆರಿಗೆಗೆಲ್ಲ ವಸಯಿ-ವಿರಾರ್ ಮಹಾನಗರಪಾಲಿಕೆ. ಜಮೀನಿನ ಪಹಣಿ, ಅಂದರೆ ಇಲ್ಲಿನ ಸಾತ್‌ಬಾರಾಕ್ಕೆ ತಲಾಠಿ (ಗ್ರಾಮ ಲೆಕ್ಕಿಗ), ತಹಸೀಲ್ದಾರ್. ಅವರೆಲ್ಲ ವಸಯಿ ತಾಲೂಕಿನಲ್ಲೇ ಸಿಗುತ್ತಾರೆ. ಜಿಲ್ಲಾಧಿಕಾರಿ ಕಚೇರಿ ಮಾತ್ರ ಪಾಲ್ಘರ್‌ನಲ್ಲಿ. ವಿರಾರ್ ದಾಟಿ ಡಹಾಣು ಲೋಕಲ್ ಹಿಡಿಯಬೇಕು, ಅರ್ಧ ದಿನ ಇಟ್ಟುಕೊಂಡು ಹೋಗಿ.

ಈ ಪಾಲಿಕೆ ಹುಟ್ಟಿದ್ದು 2009ರಲ್ಲಿ. ವಸಯಿ, ವಿರಾರ್, ನಾಲಾಸೋಪಾರಾ, ನವಘರ್-ಮಾಣಿಕಪುರ ಎಂಬ ನಾಲ್ಕು ನಗರಸಭೆಗಳ ಜೊತೆ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿದರು. ನಮ್ಮ ಹಳ್ಳಿಯನ್ನು ಪಾಲಿಕೆಗೆ ಸೇರಿಸಬೇಡಿ ಎಂದು ಅನೇಕ ಕಡೆ ಜನ ಬೀದಿಗಿಳಿದರು. ಬಾಳೆ ತೋಟ, ಹೂವಿನ ವಾಡಿ ನಂಬಿದವರಿಗೆ ಕಟ್ಟಡಗಳ ಭಯ ಇರುತ್ತದೆ, ಅಲ್ವಾ? ಅವರ ಮಾತಿನಲ್ಲಿ ನ್ಯಾಯವಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಇನ್ನೊಂದು ವಿಷಯ. ನಾಲಾಸೋಪಾರಾವನ್ನು ಬರೀ ಅಗ್ಗದ ಮನೆಗಳ ಊರು ಅಂದುಕೊಳ್ಳಬೇಡಿ. ಸೋಪಾರಾ ಎಂದರೆ ಹಳೆಯ ಶೂರ್ಪಾರಕ ಬಂದರು. ಇಲ್ಲಿ ಅಶೋಕನ ಶಾಸನದ ತುಂಡು ಸಿಕ್ಕಿದೆ. 1882ರಲ್ಲಿ ಪುರಾತತ್ವ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಅಗೆದು ತೆಗೆದ ಬೌದ್ಧ ಸ್ತೂಪವೂ ಇದೆ. ಮನೆ ನೋಡಲು ಬಂದಾಗ ಅಲ್ಲಿಗೂ ಹೋಗಿ ಬನ್ನಿ.