ಹವ್ಯಾಸಿ 5 ದಾನ್ ಅಂದ್ರೆ ಎಷ್ಟು ಗಟ್ಟಿ?

ಹಲಗೆಯ ಮೇಲೆ ಕಪ್ಪು-ಬಿಳಿ ಕಾಯಿ ಇಟ್ಟು ಆಡುವ ಗೋ ಆಟದಲ್ಲಿ ಮೇಲ್ಮಟ್ಟದ ಆಟಗಾರರ ಶ್ರೇಣಿಗೆ ದಾನ್ ಅನ್ನುತ್ತಾರೆ. ಚೀನಾದ ಹವ್ಯಾಸಿ 5 ದಾನ್ ಆಟಗಾರ ವೃತ್ತಿಪರ 5 ದಾನ್‌ಗೆ ಸಮವೇ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಹೆಸರು ಒಂದೇ, ಏಣಿಗಳು ಬೇರೆ ಬೇರೆ. ಸಾಮಾನ್ಯವಾಗಿ ವೃತ್ತಿಪರ 1 ದಾನ್ ಆದವರೇ ಹವ್ಯಾಸಿ 5 ದಾನ್‌ನವರನ್ನು ಸುಲಭವಾಗಿ ಸೋಲಿಸುತ್ತಾರೆ.

ಗೋ ಆಟವನ್ನು ಅಲ್ಲಿ ವೇಯ್‌ಚಿ ಅನ್ನುತ್ತಾರೆ. ಕಲಿಯುವವರು ಮೊದಲು ಕ್ಯೂ ಅನ್ನೋ ಆರಂಭದ ಮಟ್ಟಗಳನ್ನು ದಾಟಬೇಕು. ಅಲ್ಲಿ ಅಂಕಿ ಇಳಿದಷ್ಟೂ ಆಟ ಮೇಲು. ಆಮೇಲೆ 1 ದಾನ್‌ನಿಂದ ಲೆಕ್ಕ ಉಲ್ಟಾ, ಅಂಕಿ ಏರುತ್ತಾ ಹೋಗುತ್ತದೆ. 5 ದಾನ್‌ವರೆಗೆ ಸ್ಥಳೀಯ ಶ್ರೇಣಿ ಪಂದ್ಯಗಳಲ್ಲಿ ಗೆದ್ದು ಏರಬಹುದು. ಶಾಲೆಗೆ ಹೋಗೋ ಮಕ್ಕಳೇ ಅಲ್ಲಿಗೆ ಮುಟ್ಟುತ್ತಾರೆ, ಅವರ ಮುಂದೆ ಕೂತರೆ ನನ್ನಂಥವರ ಕಥೆ ಅಷ್ಟೇ!

ನಿಜವಾದ ಗೋಡೆ ಇರೋದು 5ರ ನಂತರ. 6 ಬೇಕಂದ್ರೆ ರಾಷ್ಟ್ರಮಟ್ಟದ ದೊಡ್ಡ ಹವ್ಯಾಸಿ ಟೂರ್ನಿಗಳಲ್ಲಿ ಮುಂಚೂಣಿಯಲ್ಲಿರಬೇಕು. 7 ಅನ್ನೋದು ಅಂಥ ಕಡೆ ಚಾಂಪಿಯನ್ ಆದವರಿಗೆ. 8 ದಾನ್ ವಿಶ್ವ ಹವ್ಯಾಸಿ ಚಾಂಪಿಯನ್‌ಗಳಿಗೆ. ಹೂ ಯೂಚಿಂಗ್ ಅಂಥವರಲ್ಲೊಬ್ಬರು.

ಇನ್ನೊಂದು ಮಾತು. ದಾನ್ ಒಂದು ಥರ ಸರ್ಟಿಫಿಕೇಟ್ ಇದ್ದಂತೆ, ಆಮೇಲೆ ಆಟ ಕೆಟ್ಟರೂ ಅದು ಹೋಗಲ್ಲ. ಹಾಗಾಗಿ ಇಬ್ಬರು 5 ದಾನ್‌ಗಳ ನಡುವೆಯೇ ಬಹಳ ಅಂತರ ಇರಬಹುದು. ವೃತ್ತಿಪರರಾಗಲು ಬೇರೆಯೇ ಅರ್ಹತಾ ಪಂದ್ಯಾವಳಿ ಇದೆ, ಅದರಲ್ಲಿ ಗೆಲ್ಲೋದು ಕೆಲವೇ ಮಂದಿ.