ಪ್ರತಿಕ್ರಿಯೆ: ಬೆಂಜೋಫೀನೋನ್ ರೋಹಿತದಲ್ಲಿ 3430ರ ಅಗಲವಾದ ಪಟ್ಟಿ

ಬೆಂಜ್‌ಹೈಡ್ರಾಲ್ ಎಂಬ ಆಲ್ಕೊಹಾಲನ್ನು ಉತ್ಕರ್ಷಿಸಿ ಪಡೆದ ಬೆಂಜೋಫೀನೋನ್ ಎಂಬ ಕೀಟೋನ್‌ನ ಇನ್‌ಫ್ರಾರೆಡ್ ರೋಹಿತದಲ್ಲಿ ಪ್ರತಿ ಸೆಂಟಿಮೀಟರಿಗೆ 3430ರ ಸುತ್ತ ನೀವು ಕಂಡ ಅಗಲವಾದ ಪಟ್ಟಿಗೆ, ನೀವು ಸಂದೇಹಿಸಿದ, ಉತ್ಕರ್ಷಿಸದೆ ಉಳಿದುಹೋದ ಆಲ್ಕೊಹಾಲಿಗಿಂತ ಹೆಚ್ಚಾಗಿ ಪೆಲೆಟ್‌ನ (ಮಾದರಿ ಬೆರೆಸಿ ಒತ್ತಿದ ಬಿಲ್ಲೆಯ) ಪೊಟ್ಯಾಸಿಯಂ ಬ್ರೋಮೈಡ್ ಹೀರಿಕೊಂಡ ತೇವಾಂಶವೇ ಕಾರಣವಿರಬೇಕು. ಆಲ್ಕೊಹಾಲು, ನೀರು ಎರಡರಲ್ಲೂ ಇರುವ ಆಮ್ಲಜನಕ–ಜಲಜನಕ ಬಂಧ ಈ ಭಾಗದಲ್ಲಿ ಪಟ್ಟಿ ಕೊಡುತ್ತದೆ; ಆದರೆ ನೀರಿನ ಅಣುವಿನ ಬಾಗುವ ಕಂಪನ 1640ರ ಹತ್ತಿರವೂ ಕಾಣುತ್ತದೆ. ನಿಮ್ಮ 1658ರ ಕಾರ್ಬೊನಿಲ್ (ಇಂಗಾಲ–ಆಮ್ಲಜನಕ ದ್ವಿಬಂಧದ) ಪಟ್ಟಿಯ ಬದಿಯಲ್ಲಿ ಉಬ್ಬು ಇದೆಯೆಂದು ನೀವು ಬರೆದಿರುವುದೂ ಇದಕ್ಕೆ ಹೊಂದುತ್ತದೆ.

ಮೊದಲು ಮಾದರಿಯಿಲ್ಲದೆ, ಅದೇ ಡಬ್ಬಿಯ ಬ್ರೋಮೈಡಿನಿಂದ ಮಾತ್ರ ಒಂದು ಪೆಲೆಟ್ ಒತ್ತಿ ರೋಹಿತ ತೆಗೆಯಿರಿ. ಪಟ್ಟಿ ಅಷ್ಟೇ ಪ್ರಬಲವಾಗಿ ಅಲ್ಲಿಯೂ ಕಂಡರೆ ಅದು ನಿಮ್ಮ ಉತ್ಪನ್ನದ್ದಲ್ಲ. ಬಳಿಕ ಬ್ರೋಮೈಡನ್ನು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಲ್ಲಿ) ತಣಿಸಿ, 200 ಮಿಲಿಗ್ರಾಂಗೆ ಒಂದೆರಡು ಮಿಲಿಗ್ರಾಂ ಮಾದರಿ ಸೇರಿಸಿ ಬೇಗನೆ ಅರೆದು ಒತ್ತಿರಿ. ಆದರೆ ಮಾದರಿ ಸೇರಿಸಿದ ಮಿಶ್ರಣವನ್ನು ಓವನ್ನಿಗೆ ಇಡಬೇಡಿ, ಏಕೆಂದರೆ ಬೆಂಜೋಫೀನೋನ್ ಸುಮಾರು 48 ಡಿಗ್ರಿಗೇ ಕರಗುತ್ತದೆ. ಎಟಿಆರ್ (ಮಾದರಿಯನ್ನು ಹರಳಿಗೆ ತಾಗಿಸಿ ರೋಹಿತ ತೆಗೆಯುವ ವಿಧಾನ) ಸೌಲಭ್ಯವಿದ್ದರೆ ಪೆಲೆಟ್‌ನ ಗೊಡವೆಯೇ ಬೇಡ. ಒಣಗಿದ ಪುಡಿಯನ್ನು ನೇರವಾಗಿ ಹರಳಿನ ಮೇಲಿಟ್ಟು ನೋಡಿ.

ಒಣಗಿಸಿದ ಮೇಲೂ ಪಟ್ಟಿ ಉಳಿದರೆ ಆಲ್ಕೊಹಾಲಿನ ಸಂದೇಹ ನಿಜವಾಗಬಹುದು. ಆಗ 1020ರ ಸುತ್ತ ಇಂಗಾಲ–ಆಮ್ಲಜನಕ ಬಂಧದ ಪಟ್ಟಿಯನ್ನು ಹುಡುಕಿ. ಆದರೆ ಬೆಂಜೀನ್ ಉಂಗುರದ ಸಣ್ಣ ಪಟ್ಟಿಗಳೂ ಅಲ್ಲೇ ಬರುವುದರಿಂದ ಅದೊಂದನ್ನೇ ನಂಬಿ ತೀರ್ಮಾನಿಸುವುದು ಸರಿಯಲ್ಲ. ಮೂಲ ಬೆಂಜ್‌ಹೈಡ್ರಾಲಿನ ರೋಹಿತವನ್ನು ಅದೇ ಉಪಕರಣದಲ್ಲಿ ತೆಗೆದು ಹೋಲಿಸಿ, ಜೊತೆಗೆ ತೆಳುಪದರ ಕ್ರೊಮ್ಯಾಟೊಗ್ರಫಿಯನ್ನೂ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ನೋಡುವ ವಿಧಾನ) ಮಾಡಿ. 3310ರ ಸಮೀಪ ಚಿಕ್ಕ, ಕಿರಿದಾದ ಪಟ್ಟಿಯೊಂದು ಕಂಡರೆ ಗಾಬರಿ ಬೇಡ, ಅದು ಕಾರ್ಬೊನಿಲ್ ಕಂಪನದ ಓವರ್‌ಟೋನ್, ಅಂದರೆ ಸುಮಾರು ಎರಡರಷ್ಟು ಆವೃತ್ತಿಯಲ್ಲಿ ಬರುವ ಪಟ್ಟಿ.